ಜೋಳದ ಬೇಲಿ ಕಟ್ಟಿ ಪರಂಗಿ ಉಳಿಸಿಕೊಂಡೆ: ನನ್ನ ಅನುಭವ

ಮೂರನೇ ಸಲಕ್ಕೆ ಪರಂಗಿ ಕೈ ಹಿಡಿಯಿತು. ಮದ್ದೂರಿನ ಹತ್ತಿರ ಒಂದು ಎಕರೆ, ನಾಲೆ ನೀರು, ಸಾವಿರ ಚಿಲ್ಲರೆ ಗಿಡ. ಮೊದಲೆರಡು ಸಲ ಉಂಗುರ ಚುಕ್ಕೆ ನಂಜುರೋಗ, ಅಂದರೆ ವೈರಸ್ ರೋಗ, ಬಂದು ಗಿಡ ಕಿತ್ತು ಹಾಕಿದಾಗ ನಮ್ಮ ದೊಡ್ಡಪ್ಪ, "ಕಬ್ಬು ಹಾಕ್ಕೊಂಡ್ ನೆಮ್ದಿಯಾಗಿರೋದ್ ಬಿಟ್ಟು ಇದ್ಯಾಕ್ಲಾ ಬೇಕಿತ್ತು ನಿಂಗೆ?" ಅಂದಿದ್ದರು. ಮೊನ್ನೆ ಅವರೇ ಬಂದು ಜೋಳ ಎಷ್ಟು ಸಾಲು ಹಾಕಿದ್ದೆ ಅಂತ ಕೇಳಿಕೊಂಡು ಹೋದರು.

ಮೊದಲ ಸಲ ಒಂದು ನರ್ಸರಿಯವರು "ಈ ಗಿಡಕ್ಕೆ ವೈರಸ್ ಬರಲ್ಲ" ಅಂದಿದ್ದನ್ನು ನಂಬಿ ಗಿಡಕ್ಕೆ 18 ರೂಪಾಯಿ ಕೊಟ್ಟಿದ್ದೆ. ನಾಲ್ಕನೇ ತಿಂಗಳಿಗೆ ಎಲೆ ತೊಟ್ಟಿನ ಮೇಲೆ ಎಣ್ಣೆ ಸವರಿದ ಹಾಗೆ ಕಡು ಹಸಿರು ಗೆರೆ ಕಾಣಿಸಿತು. ಆಮೇಲೆ ಸುಳಿಯ ಎಲೆಗಳು ದಾರದಷ್ಟು ಸಣ್ಣಗಾದವು, ಕಾಯಿ ಮೇಲೆ ಉಂಗುರ ಬಿತ್ತು. ಒಂದೂವರೆ ಲಕ್ಷ ಹೋಯಿತು. ಎರಡನೇ ಸಲ ವಾರಕ್ಕೊಂದು ಔಷಧಿ ಹೊಡೆದೆ, ಅದಕ್ಕೇ 35-40 ಸಾವಿರ ಆಗಿರಬೇಕು. ಏನೂ ಉಪಯೋಗ ಆಗಲಿಲ್ಲ. ಯಾಕಂದ್ರೆ ಈ ನಂಜನ್ನು ಹೊತ್ತು ತರುವ ಗಿಡಹೇನು ನಮ್ಮ ಗಿಡದಲ್ಲಿ ಸಂಸಾರ ಹೂಡುವುದೇ ಇಲ್ಲ. ಹಾರಿ ಬಂದು ಒಂದು ನಿಮಿಷ ಚುಚ್ಚಿ ರುಚಿ ನೋಡಿ ಹೋದರೂ ಸಾಕು, ನಂಜು ಗಿಡದೊಳಗೆ ಇಳಿದಿರುತ್ತೆ. ಔಷಧಿಗೆ ಅದು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತೆ.

ಹಾಗಾದರೆ ರೋಗ ತಡೆಯುವ ತಳಿ ತಂದರೆ ಆಯ್ತಲ್ವಾ ಅಂತ ನನಗೂ ಅನ್ನಿಸಿತ್ತು. ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಕಾಲೇಜಿನಲ್ಲಿ ಓದುವ ನನ್ನ ತಂಗಿ ಮಗಳು ಆಗ ಬಿಡಿಸಿ ಹೇಳಿದಳು. ಹವಾಯಿಯಲ್ಲಿ 1998ರಲ್ಲಿ 'ರೇನ್‌ಬೋ' ಅಂತ ಕುಲಾಂತರಿ ಪರಂಗಿ ಬಂತು, ಅಲ್ಲಿನ ತೋಟಗಳನ್ನು ಉಳಿಸಿತು. ಆದರೆ ಅದು ತಡೆಯುವುದು ಅಲ್ಲಿನ ವೈರಸ್ಸನ್ನು. ಬೇರೆ ದೇಶದ ವೈರಸ್ ತಗುಲಿಸಿ ನೋಡಿದಾಗ ಆ ಗಿಡವೂ ರೋಗಕ್ಕೆ ಬಿತ್ತು. ಈ ವೈರಸ್ಸಿನ ಆರ್‌ಎನ್‌ಎಯಲ್ಲಿ, ಅಂದರೆ ಅದರ ವಂಶದ ಬರಹದಲ್ಲಿ, ಸುಮಾರು 10,300 ಅಕ್ಷರ, ನಕಲಾಗುವಾಗ ತಪ್ಪು ತಿದ್ದುವವರು ಯಾರೂ ಇಲ್ಲ, ಹಾಗಾಗಿ ರೂಪ ಬದಲಾಗುತ್ತಲೇ ಇರುತ್ತೆ. ಅದರಲ್ಲೂ ನಮ್ಮ ದೇಶದಲ್ಲಿ ಬಗೆಗಳು ಜಾಸ್ತಿ. ಪರಂಗಿ ಪೋರ್ಚುಗೀಸರ ಜೊತೆ ಬಂದ ಗಿಡ, ಹೆಸರೇ ಹೇಳುತ್ತೆ. ವೈರಸ್ ಮಾತ್ರ ಮೊದಲು ಸೋರೆ, ಸೌತೆ, ಕುಂಬಳದ ಜಾತಿಯಲ್ಲಿತ್ತು, ಇಲ್ಲೇ ಪರಂಗಿಗೆ ಹಾರಿರಬೇಕು ಅಂತ ಅದರ ಅಕ್ಷರ ಓದಿದವರು ಹೇಳುತ್ತಾರೆ. ನನಗೆ ಅಲ್ಲೇ ದಾರಿ ಕಂಡಿತು. ದಿನಕ್ಕೊಂದು ವೇಷ ಹಾಕುವ ವೈರಸ್ಸಿನ ಹಿಂದೆ ಓಡುವುದಕ್ಕಿಂತ, ಯಾವ ವೇಷದಲ್ಲಿದ್ದರೂ ಅದನ್ನು ಹೊತ್ತು ತರುವ ಹೇನನ್ನು ತಡೆಯಬೇಕು.

ಅಷ್ಟಕ್ಕೇ ಸುಮ್ನೆ ಕೂರಲಿಲ್ಲ, ನಮ್ಮ ಕಡೆಯ ವೈರಸ್ಸಲ್ಲೂ ಬಗೆ ಬೇರೆ ಬೇರೆ ಇದೆಯಾ ನೋಡೋಣ ಅನ್ನಿಸಿತು. ಮದ್ದೂರು, ಪಾಂಡವಪುರ, ತಿ. ನರಸೀಪುರ ಮೂರು ಕಡೆಯಿಂದ ರೋಗದ ಎಲೆ ತಂದು, ಅರೆದು ಸೋಸಿ, ಬಲೆಯೊಳಗಿನ ಸಸಿಗಳ ಎಲೆ ಮೇಲೆ ನುಣ್ಣನೆ ಮರಳು ಉದುರಿಸಿ ಬೆರಳಲ್ಲಿ ರಸ ತಿಕ್ಕಿದೆ. ಒಂದೊಂದರದ್ದು 20 ಸಸಿ. ಏಳೆಂಟಕ್ಕೆ ಮಾತ್ರ ಹತ್ತಿತು, ಹತ್ತಿದ್ದೂ ಮೂರು ಥರ: ಒಂದರಲ್ಲಿ ಎಲೆ ದಾರ, ಒಂದರಲ್ಲಿ ಬರೀ ಹಳದಿ ಮಚ್ಚೆ, ಇನ್ನೊಂದರಲ್ಲಿ ಸುಳಿಯೇ ಮುದುಡಿತು. ಸೌಮ್ಯ ವೈರಸ್ ಮೊದಲೇ ತಗುಲಿಸಿದರೆ ಉಗ್ರವಾದದ್ದು ಬರಲ್ಲ ಅಂತ ತೈವಾನಿನಲ್ಲಿ ಹಿಂದೆ ಮಾಡಿದ್ದರಂತೆ. ಹಳದಿ ಮಚ್ಚೆಯದ್ದನ್ನು 40 ಸಸಿಗೆ ತಿಕ್ಕಿ ಒಂದು ಮೂಲೆಯಲ್ಲಿ ನೆಟ್ಟೆ. ಮೂರು ತಿಂಗಳಿಗೆ ಅವುಗಳ ಎಲೆಯೂ ದಾರವಾಯಿತು. ಎಲ್ಲ ಕಿತ್ತು ಸುಟ್ಟೆ. ಇದನ್ನು ನೀವು ಮಾಡಬೇಡಿ, ಪಕ್ಕದವರ ತೋಟಕ್ಕೂ ಅಪಾಯ.

ಗೆದ್ದ ಸಲ ಮಾಡಿದ್ದು ಇಷ್ಟು. ಸಸಿಯನ್ನು ಹೇನು ನುಗ್ಗದಷ್ಟು ಸಣ್ಣ ಕಣ್ಣಿನ ಬಲೆಯೊಳಗೆ ನಾನೇ ಬೆಳೆಸಿದೆ. ಬೀಜದಿಂದ ಈ ನಂಜು ಬರಲ್ಲ, ಹಾಗಾಗಿ ಬಲೆಯೊಳಗೆ ಇರುವವರೆಗೂ ಭಯವಿಲ್ಲ. ನಾಟಿಗೆ ಒಂದು ತಿಂಗಳು ಮೊದಲೇ ಸುತ್ತಲೂ ಮುಸುಕಿನ ಜೋಳ ಹಾಕಿದೆ. ಎರಡು ಸಾಲು ಸಾಕು ಅನ್ನುತ್ತಾರೆ, ನಾನು ನಾಲ್ಕು ಹಾಕಿದೆ. ಹೊರಗಿಂದ ಬಂದ ಹೇನು ಮೊದಲು ಜೋಳ ಚುಚ್ಚುತ್ತೆ, ಬಾಯಿಗಂಟಿದ ನಂಜು ಅಲ್ಲೇ ಕಳಚಿಕೊಳ್ಳುತ್ತೆ. ಗಿಡದ ಬುಡಕ್ಕೆ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟ್. ಬೇಲಿ ಮೇಲಿದ್ದ ಸೋರೆ, ಹೀರೆ, ತೊಂಡೆ ಎಲ್ಲ ಕಿತ್ತೆ, ಹೆಂಡತಿ ಎರಡು ದಿನ ಮಾತು ಬಿಟ್ಟಳು. ಐದು ತಿಂಗಳವರೆಗೆ ದಿನಾ ಬೆಳಗ್ಗೆ ತೊಟ್ಟು ತಿರುಗಿಸಿ ನೋಡುವುದು, ಎಣ್ಣೆ ಗೆರೆ ಕಂಡರೆ ಆ ಗಿಡ ಅವತ್ತೇ ಔಟ್. ಹಾಗೆ ಕಿತ್ತಿದ್ದು 60-70 ಇರಬೇಕು. ಜೊತೆಗೆ ಖನಿಜ ಎಣ್ಣೆಯ ಸಿಂಪಡಣೆ. ಅದಕ್ಕೆ ನಾನು ಬೆರೆಸಿದ ಇನ್ನೊಂದು ವಸ್ತುವನ್ನೂ ಅಳತೆಯನ್ನೂ ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ಬೆಳೆ ನೋಡಬೇಕು. ನಾಟಿ ಮಾಡಿದ ತಿಂಗಳನ್ನೂ ಹೇಳುವುದಿಲ್ಲ. ಹಳದಿ ತಟ್ಟೆಯಲ್ಲಿ ನೀರಿಟ್ಟು, ಬಿದ್ದ ಹೇನನ್ನು ಒಂದು ವರ್ಷ ಎಣಿಸಿ ಕಂಡುಕೊಂಡದ್ದು ಅದು. ನಿಮ್ಮ ಹೊಲದ ಲೆಕ್ಕ ನೀವೇ ಎಣಿಸಿ.

ಖರ್ಚು ಎರಡೂಕಾಲು ಲಕ್ಷದ ಹತ್ತಿರ. 36-38 ಟನ್ ಕಟಾವಾಯಿತು, ಕೆಜಿಗೆ 9 ರೂಪಾಯಿಂದ 14ರವರೆಗೆ ಸಿಕ್ಕಿತು, ಎಲ್ಲ ಸೇರಿ ನಾಲ್ಕು ಲಕ್ಷ ದಾಟಿತು. ಎಂಟನೇ ತಿಂಗಳ ಮೇಲೆ ಅರ್ಧದಷ್ಟು ಗಿಡಕ್ಕೆ ರೋಗ ಬಂತು, ಸುಳ್ಳು ಹೇಳಲ್ಲ. ಅಷ್ಟರಲ್ಲಿ ಕಾಯಿ ಕಟ್ಟಿತ್ತು. ಈಗ ದೊಡ್ಡಪ್ಪನ ಹೊಲದಲ್ಲಿ ಜೋಳ ಮೊಣಕಾಲೆತ್ತರ ಬಂದಿದೆ, ಅವರ ಸಸಿ ನನ್ನ ಬಲೆಯೊಳಗಿವೆ.