ಕೊಲೋನ್ ನಗರದಲ್ಲಿ ಒಂದು ದಿನ: ನೋಟ ಮತ್ತು ಊಟ

ಜರ್ಮನಿಯ ಕೊಲೋನ್ ನಗರಕ್ಕೆ ಒಂದೇ ದಿನ ಮೀಸಲಿಟ್ಟವರು ರೈಲಿನಲ್ಲಿಯೇ ಬರುವುದು ಒಳ್ಳೆಯದು. ಮುಖ್ಯ ನಿಲ್ದಾಣದ ಬಾಗಿಲು ದಾಟಿದೊಡನೆ, 1248ರಲ್ಲಿ ಆರಂಭವಾಗಿ, ನಡುವೆ ಶತಮಾನಗಳ ಕಾಲ ನಿಂತುಹೋಗಿ, 1880ರಲ್ಲಿ ಪೂರ್ಣಗೊಂಡ ಮಹಾ ಚರ್ಚು ಕಣ್ಣೆದುರೇ ನಿಲ್ಲುತ್ತದೆ. ದಕ್ಷಿಣ ಗೋಪುರದ 533 ಮೆಟ್ಟಿಲುಗಳನ್ನು ಕಾಲಲ್ಲಿ ಕಸುವಿರುವ ಬೆಳಗಿನ ಹೊತ್ತಿನಲ್ಲೇ ಹತ್ತಿರಿ. ಮಂಡಿ ನೋವಿನ ಹಿರಿಯರು ಕೆಳಗೇ ಉಳಿದು, ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್ ರೂಪಿಸಿದ, 2007ರಲ್ಲಿ ಕೂರಿಸಲಾದ ಗಾಜಿನ ಕಿಟಕಿಯನ್ನು ನೋಡಲಿ. ಬಿಸಿಲೇರಿದಾಗ ಅದರ 72 ಬಣ್ಣಗಳು ಕಲ್ಲಿನ ಮೇಲೆ ಚೆಲ್ಲುವ ಪರಿಗೆ ಅರ್ಧ ಗಂಟೆಯೂ ಸಾಲದೆಂದು ನನ್ನ ಅನಿಸಿಕೆ.

ಬಳಿಕ ರೈನ್ ನದಿಯ ದಂಡೆಯಲ್ಲಿ ನಡೆದು, ಊಟಕ್ಕೆ ಹಳೆಯ ಪೇಟೆಯ ಬಿಯರ್ ಮನೆಗಳಿಗೆ ಹೋಗಿ. 'ಹಾಲ್ವೆ ಹಾನ್' ಎಂದರೆ ಅರ್ಧ ಹುಂಜವೆಂದು ಅರ್ಥವಾದರೂ, ತಟ್ಟೆಗೆ ಬರುವುದು ರೈ ಎಂಬ ಧಾನ್ಯದ ಹಿಟ್ಟಿನ ಬನ್ನು, ಗೌಡಾ ಚೀಸಿನ ದಪ್ಪ ಹೋಳು, ಸಾಸಿವೆ ಮತ್ತು ಈರುಳ್ಳಿ. ಮಾಂಸ ತಿನ್ನದವರು ಹೆಸರಿಗೆ ಹೆದರಬೇಕಾಗಿಲ್ಲ. ಆಲೂಗಡ್ಡೆ ತುರಿದು ಕರಿದ ರೈಬೆಕೂಹೆನ್‌ಗೆ ಸಾಮಾನ್ಯವಾಗಿ ಮೊಟ್ಟೆ ಬೆರೆಸಿರುತ್ತಾರೆ, ವಿಚಾರಿಸಿಕೊಳ್ಳಿ. ಈ ಊರಿನದೇ ಆದ ಕೋಲ್ಷ್ ಬಿಯರನ್ನು 200 ಮಿಲಿಲೀಟರಿನ ಸಪೂರ ಗ್ಲಾಸಿನಲ್ಲಿ ಕೊಡುತ್ತಾರೆ. ಅದು ಖಾಲಿಯಾದಂತೆ ಕೇಳದೆಯೇ ಇನ್ನೊಂದು ಬರುತ್ತದೆ. ಬಡಿಸುವವರು ಗ್ಲಾಸಿನಡಿ ಇಡುವ ರಟ್ಟಿನ ಬಿಲ್ಲೆಯ ಮೇಲೆ ಎಳೆಯುವ ಗೆರೆಗಳೇ ಲೆಕ್ಕ. ಸಾಕೆನಿಸಿದಾಗ ಆ ಬಿಲ್ಲೆಯನ್ನೇ ಗ್ಲಾಸಿನ ಮೇಲೆ ಮುಚ್ಚಿಡಿ.