ಹಂಸಧ್ವನಿಯಿಂದ ಶುರು ಮಾಡಿ: ಶಾಸ್ತ್ರೀಯ ಸಂಗೀತ ಕೇಳುವುದು, ಕೇಳಿಸುವುದು

"ಶಾಸ್ತ್ರೀಯ ಸಂಗೀತ ಕೇಳಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡೋದು ಗೊತ್ತಿಲ್ಲ" ಅಂದವರಿಗೆ ಮೊದಲೆಲ್ಲ ನಾನು ಉದ್ದದ ಪಟ್ಟಿ ಬರೆದುಕೊಡುತ್ತಿದ್ದೆ. ಇಪ್ಪತ್ತು ಗಾಯಕರು, ಮೂವತ್ತು ರಾಗ, ಜೊತೆಗೆ ಓದಲಿಕ್ಕೆ ಎರಡು ಪುಸ್ತಕ. ಪಟ್ಟಿ ತೆಗೆದುಕೊಂಡವರು ಖುಷಿಯಿಂದಲೇ ತೆಗೆದುಕೊಂಡರು. ಆದರೆ ಯಾರೂ ಮೂರನೇ ಹಾಡು ದಾಟಲಿಲ್ಲ. ಈಗ ಒಂದೇ ಮಾತು ಹೇಳುತ್ತೇನೆ: ಒಂದು ರಾಗ ಹಿಡಿಯಿರಿ, ಒಂದು ತಿಂಗಳು ಅದನ್ನೇ ಕೇಳಿ. ಯಾವ ರಾಗ ಅಂತ ಕೇಳಿದರೆ, ಹಂಸಧ್ವನಿ.

ಯಾಕೆ ಅಂದರೆ ಅದು ನಿಮ್ಮ ಕಿವಿಗೆ ಆಗಲೇ ಬಿದ್ದಿದೆ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಬೆಳಿಗ್ಗೆ ಹಾಕುವ "ವಾತಾಪಿ ಗಣಪತಿಂ" ಹಂಸಧ್ವನಿ. ಪುರಂದರದಾಸರ "ಗಜವದನ ಬೇಡುವೆ"ಯನ್ನೂ ಸಾಮಾನ್ಯವಾಗಿ ಇದೇ ರಾಗದಲ್ಲಿ ಹಾಡುತ್ತಾರೆ. ಇಲ್ಲೊಂದು ಚೆಂದದ ವಿಷಯ ಇದೆ. ಈ ರಾಗವನ್ನು ರೂಪಿಸಿದವರು "ವಾತಾಪಿ" ರಚಿಸಿದ ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಅಂತ ಹೇಳುತ್ತಾರೆ, ಅವರು 18ನೇ ಶತಮಾನದವರು. ಪುರಂದರದಾಸರು ಅವರಿಗಿಂತ ಇನ್ನೂರು ವರ್ಷಕ್ಕೂ ಹಿಂದಿನವರು. ಅಂದರೆ ದಾಸರ ಆ ಪದಕ್ಕೆ ಈ ರಾಗದ ಅಂಗಿ ತೊಡಿಸಿದವರು ಆಮೇಲೆ ಬಂದ ಯಾರೋ ಪುಣ್ಯಾತ್ಮರು. ಅಷ್ಟು ಸರಿಯಾಗಿ ಕೂತಿದೆ ಅಲ್ವಾ, ಬೇರೆ ರಾಗದಲ್ಲಿ ಕೇಳಿದರೆ ಅದೇ ಹಾಡಾ ಅನ್ನಿಸುತ್ತದೆ.

ಹಂಸಧ್ವನಿಗೆ ಐದೇ ಸ್ವರ: ಸ ರಿ ಗ ಪ ನಿ. ಚಿಕ್ಕವರಿದ್ದಾಗ ನಾಲ್ಕು ತಿಂಗಳಾದರೂ ಸಂಗೀತದ ಕ್ಲಾಸಿಗೆ ಹೋಗಿದ್ದರೆ "ವರವೀಣಾ ಮೃದುಪಾಣಿ" ನೆನಪಿರುತ್ತದೆ. ಅದು ಮೋಹನ ರಾಗ: ಸ ರಿ ಗ ಪ ದ. ನಾಲ್ಕು ಸ್ವರ ಎರಡಕ್ಕೂ ಒಂದೇ. ವ್ಯತ್ಯಾಸ ಒಂದರಲ್ಲಿ ಮಾತ್ರ, ಮೋಹನದ ದ ತೆಗೆದು ಅಲ್ಲಿ ನಿ ಇಟ್ಟರೆ ಹಂಸಧ್ವನಿ. ಇದನ್ನು ಓದಿ ತಲೆ ಆಡಿಸಿ ಬಿಟ್ಟುಬಿಡಬೇಡಿ, ಈಗಲೇ ಮಾಡಿ ನೋಡಿ. ಫೋನಿನಲ್ಲಿ ಪಿಯಾನೋ ಆಪ್ ಹಾಕಿಕೊಳ್ಳಿ, ಸ ರಿ ಗ ಪ ದ ಸ ಒತ್ತಿ, ಆಮೇಲೆ ಸ ರಿ ಗ ಪ ನಿ ಸ ಒತ್ತಿ. (ಸ ಅಂದರೆ ಸಿ ಅಂತ ಇಟ್ಟುಕೊಂಡರೆ ಬಿಳಿ ಮನೆಗಳೇ ಸಾಕು: ಸಿ, ಡಿ, ಇ, ಜಿ, ಆಮೇಲೆ ಮೋಹನಕ್ಕೆ ಎ, ಹಂಸಧ್ವನಿಗೆ ಬಿ.) ಮೋಹನ ಹಾಯಾಗಿ ಮೇಲಿನ ಸ ಮುಟ್ಟುತ್ತದೆ. ಹಂಸಧ್ವನಿಯ ನಿ ಮೇಲಿನ ಸಕ್ಕೆ ತೀರಾ ಹತ್ತಿರ ನಿಂತಿರುತ್ತದೆ, ಬಾಗಿಲ ಹೊಸ್ತಿಲ ಮೇಲೆ ಕಾಲಿಟ್ಟ ಹಾಗೆ, ಒಳಗೆ ಹೋಗಲೇಬೇಕು ಅನ್ನುವ ತವಕ. ಹಂಸಧ್ವನಿಯ ಆ ಲವಲವಿಕೆ ಬಹಳ ಮಟ್ಟಿಗೆ ಬರುವುದು ಈ ಒಂದು ಸ್ವರದಿಂದ. ಇದು ಒಮ್ಮೆ ಕಿವಿಗೆ ಸಿಕ್ಕಿತು ಅಂದರೆ "ರಾಗ ಗುರುತು ಹಿಡಿಯೋದು ನಮ್ಮಂಥವರಿಗಲ್ಲ" ಅನ್ನುವ ಹೆದರಿಕೆ ಅರ್ಧ ಹೋದ ಹಾಗೆ.

ಈಗ ಕೇಳುವ ಕ್ರಮ. ಮೊದಲ ವಾರ ಎಂ.ಎಸ್. ಸುಬ್ಬುಲಕ್ಷ್ಮಿಯವರ "ವಾತಾಪಿ" ಒಂದನ್ನೇ ಕೇಳಿ. ದಿನಕ್ಕೊಮ್ಮೆ ಸಾಕು. ಮೊದಲ ಸಾಲು ಮತ್ತೆ ಮತ್ತೆ ಬರುತ್ತದೆ ಅಂತ ಬೇಸರ ಮಾಡಿಕೊಳ್ಳಬೇಡಿ, ಅದರಲ್ಲೇ ಇರುವುದು ಸೊಗಸು. ಹಾಗೆ ಬದಲಾಗುತ್ತಾ ಬರುವ ಸುತ್ತುಗಳಿಗೆ ಸಂಗತಿ ಅನ್ನುತ್ತಾರೆ. ಮೊದಲ ಸಲ ಸಾಲು ನೇರವಾಗಿ ಬರುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಸಣ್ಣ ಬಳುಕು, ಮುಂದಿನ ಸಲ ಆ ಬಳುಕು ಇನ್ನೂ ಮೇಲೆ ಹತ್ತುತ್ತದೆ, ಕೊನೆಗೆ ಅದೇ ಮೂರು ಪದ ಎಲ್ಲೆಲ್ಲೋ ತಿರುಗಾಡಿ ಬಂದು ಸರಿಯಾದ ಜಾಗದಲ್ಲಿ ಕೂರುತ್ತದೆ. ಬೆರಳು ಮಡಿಸಿ ಎಣಿಸಿ, ಎಷ್ಟು ಸಂಗತಿ ಬಂದವು ಅಂತ. ಮೂರನೇ ದಿನ ಎಣಿಕೆ ತಪ್ಪುವುದಿಲ್ಲ, ಐದನೇ ದಿನ ಮುಂದಿನದು ಬರುವ ಮೊದಲೇ ಬಾಯಲ್ಲಿ ಬಂದಿರುತ್ತದೆ.

ಎರಡನೇ ವಾರ ಅದೇ ಕೃತಿ, ಬೇರೆಯವರದು. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ಕೇಳಿ. ಮಾತಿಲ್ಲದೆಯೂ ಸಾಲು ಎಲ್ಲಿ ಮುರಿಯುತ್ತದೆ, ಎಲ್ಲಿ ಕೂಡುತ್ತದೆ ಅಂತ ನಿಮಗೆ ಗೊತ್ತಾಗುತ್ತದೆ. ಯಾಕೆಂದರೆ ಹಿಂದಿನ ವಾರ ಅದನ್ನು ನೀವು ಬಾಯಿಪಾಠ ಮಾಡಿದ್ದೀರಿ. ಜೊತೆಗೆ ಕೈಯಲ್ಲಿ ತಾಳ ಹಾಕಿ. ಆದಿತಾಳ, ಎಂಟು ಎಣಿಕೆ: ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ತಟ್ಟಿ ತಿರುವಿ, ತಟ್ಟಿ ತಿರುವಿ. ತಪ್ಪಿದರೆ ತಪ್ಪಲಿ, ಕಚೇರಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರ ಕೈ ನೋಡಿಯೇ ನಾನು ಕಲಿತದ್ದು.

ಮೂರನೇ ವಾರ ಉತ್ತರಕ್ಕೆ ಹೋಗಿ. ನಮ್ಮ ಕರ್ನಾಟಕ ಸಂಗೀತದ ಹಂಸಧ್ವನಿ ಉತ್ತರದ ಹಿಂದೂಸ್ತಾನಿ ಪದ್ಧತಿಗೂ ಹೋಗಿ ಅಲ್ಲಿಯದೇ ಆಗಿಬಿಟ್ಟಿದೆ. ಅದನ್ನು ಅಲ್ಲಿ ಬೆಳೆಸಿದವರಲ್ಲಿ ಮುಂಬೈನ ಭೆಂಡಿಬಜಾರ್ ಘರಾಣೆಯ (ಘರಾಣೆ ಅಂದರೆ ಹಾಡುವ ಒಂದು ಪರಂಪರೆ) ಅಮಾನ್ ಅಲಿ ಖಾನ್ ದೊಡ್ಡ ಹೆಸರು. "ಲಾಗಿ ಲಗನ್" ಅನ್ನುವ ಬಂದಿಶ್, ಅಂದರೆ ರಾಗಕ್ಕೆ ಕಟ್ಟಿದ ಹಾಡು, ಅವರದೇ, ಇವತ್ತಿಗೂ ಬಹಳ ಜನ ಹಾಡುತ್ತಾರೆ. ಇಂದೋರಿನ ಅಮೀರ್ ಖಾನರ ಹಂಸಧ್ವನಿಯನ್ನು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೇಳಿ. (ಹುಡುಕುವಾಗ ಹೆಸರಿನ ಹಿಂದೆ ಉಸ್ತಾದ್ ಅಂತ ಸೇರಿಸಿ, ಇಲ್ಲದಿದ್ದರೆ ಬರೀ ಸಿನಿಮಾ ಬರುತ್ತದೆ.) ಪೆಂಡಾಲಿನ ಗಡಿಬಿಡಿ ರಾಗ ಅಂದುಕೊಂಡಿದ್ದು ಇಷ್ಟು ಗಂಭೀರವಾಗಿ ಕಣ್ಣು ಮುಚ್ಚಿ ಕೂರಬಲ್ಲದಾ ಅಂತ ನನಗೆ ಮೊದಲ ಸಲ ನಂಬಲಿಕ್ಕೇ ಆಗಲಿಲ್ಲ. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನಲ್ಲೂ ಇದೆ. ನಾಲ್ಕನೇ ವಾರ ನಿಮ್ಮ ಇಷ್ಟ, ಸುಮ್ನೆ ಹುಡುಕುತ್ತಾ ಹೋಗಿ.

ಹುಡುಕುವಾಗ ಒಂದು ಎಚ್ಚರ ಬೇಕು. ಒಂದೇ ಹೆಸರು ಎರಡು ಪದ್ಧತಿಯಲ್ಲಿ ಬೇರೆ ಬೇರೆ ರಾಗ ಆಗಿರುತ್ತದೆ. ಕರ್ನಾಟಕ ಸಂಗೀತದ ಹಿಂದೋಳವನ್ನು ಹಿಂದೂಸ್ತಾನಿಯಲ್ಲಿ ಕೇಳಬೇಕಾದರೆ ಮಾಲಕಂಸ ಅಂತ ಹುಡುಕಬೇಕು, ಅಲ್ಲಿಯ ಹಿಂಡೋಲ್ ಪೂರ್ತಿ ಬೇರೆ ರಾಗ. ತೋಡಿಯೂ ಹಾಗೆಯೇ. ಮೋಹನ ಅಲ್ಲಿ ಭೂಪ್, ಕಲ್ಯಾಣಿ ಅಲ್ಲಿ ಯಮನ್. ಯೂಟ್ಯೂಬಿನಲ್ಲಿ ರಾಗದ ಹೆಸರು ತಪ್ಪಾಗಿ ಹಾಕಿದ ವಿಡಿಯೋಗಳೂ ಕಮ್ಮಿ ಇಲ್ಲ, ಒಂದನ್ನೇ ನಂಬಬೇಡಿ.

ಹುಡುಕುವ ಕಷ್ಟವೇ ಬೇಡ ಅನ್ನುವವರಿಗೆ ಆಕಾಶವಾಣಿಯ ರಾಗಂ ಇದೆ. 2016ರ ಜನವರಿ 26ರಂದು ಶುರುವಾದದ್ದು, ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ, ನ್ಯೂಸ್ ಆನ್ ಏರ್ ಆಪ್‌ನಲ್ಲಿ ಸಿಗುತ್ತದೆ. ಯಾರು, ಯಾವ ರಾಗ ಅಂತ ಹೇಳಿಯೇ ಹಾಕುತ್ತಾರೆ. ನಾನು ಅಡುಗೆಮನೆಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲ್ ಕಟ್ಟಿಟ್ಟಿದ್ದೇನೆ. ಇಷ್ಟವಾದದ್ದು ಬಂದರೆ ಕೈ ಒರೆಸಿಕೊಂಡು ಹೆಸರು ಬರೆದುಬಿಡುವುದು. ಇಂಥವರು ಇದ್ದಾರೆ ಅಂತಲೇ ಗೊತ್ತಿಲ್ಲದ ಎಷ್ಟೋ ಕಲಾವಿದರು ನನಗೆ ಸಿಕ್ಕಿದ್ದು ಆ ಕ್ಯಾಲೆಂಡರಿನಿಂದ.

ಕೇಳಿದ್ದು ಒಳಗೆ ತುಂಬಿಕೊಂಡ ಮೇಲೆ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಅನ್ನಿಸಬೇಕು ಕೂಡ. ಆದರೆ ಫ್ಯಾಮಿಲಿ ಗ್ರೂಪಿಗೆ ಒಂದೂವರೆ ಗಂಟೆಯ ಕಚೇರಿ ಹಾಕಿ "ಅದ್ಭುತ! ಕೇಳಲೇಬೇಕು!" ಅಂದರೆ ಕೈ ಮುಗಿದ ಎಮೋಜಿ ಬರುತ್ತದೆ ಅಷ್ಟೇ. ಒಬ್ಬರಿಗೆ, ಒಂದು ಹಾಡು, ಎಲ್ಲಿ ಕಿವಿ ಕೊಡಬೇಕು ಅನ್ನುವ ಒಂದು ಸಾಲಿನ ಜೊತೆ ಕಳಿಸಿ. ಅದೂ ಚಿಕ್ಕದಿರಲಿ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಸುಮಾರು ಮೂರು ನಿಮಿಷ. ಅಬ್ದುಲ್ ಕರೀಂ ಖಾನರ "ಪಿಯಾ ಬಿನ್ ನಹೀ ಆವತ ಚೈನ್" ಅಂಥದೊಂದು ತಟ್ಟೆ, ಝಿಂಝೋಟಿ ರಾಗ. ಗದಗಿನ ಹುಡುಗ ಭೀಮಸೇನ ಜೋಶಿ ಅದನ್ನು ಕೇಳಿ ಹಾಡುಗಾರನೇ ಆಗಬೇಕು ಅಂದುಕೊಂಡರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಅವರಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದಲ್ಲೇ, ಕುಂದಗೋಳದ ಸವಾಯಿ ಗಂಧರ್ವರು, ಅವರು ಅದೇ ಕರೀಂ ಖಾನರ ಶಿಷ್ಯ. ಮೂರು ನಿಮಿಷದ ತಟ್ಟೆ ಇಷ್ಟೆಲ್ಲ ಮಾಡಿತು. ಆ ರೆಕಾರ್ಡಿಂಗ್ ಇವತ್ತಿಗೂ ಸಿಗುತ್ತದೆ, ಕರಕರ ಸದ್ದಿನ ಹಿಂದೆ ಆ ತೆಳ್ಳಗಿನ ದನಿ ನೇರ ಎದೆಗೇ ಬರುತ್ತದೆ.

ಕೇಳುವವರಿಗೆ ಈಗಾಗಲೇ ಏನು ಇಷ್ಟವೋ ಅಲ್ಲಿಂದ ಸೇತುವೆ ಕಟ್ಟಿ. ನಮ್ಮ ಪಕ್ಕದ ಮನೆಯ ಆಂಟಿಗೆ ವಚನ ಅಂದರೆ ಪ್ರಾಣ, ಆದರೆ "ಈ ಆ ಆ ಅನ್ನೋದು ನಂಗೆ ಆಗಲ್ಲಮ್ಮ" ಅನ್ನುತ್ತಿದ್ದರು. ಒಂದು ದಿನ ಅವರಿಗೆ ಮಲ್ಲಿಕಾರ್ಜುನ ಮನ್ಸೂರರ "ಅಕ್ಕ ಕೇಳವ್ವಾ" ಕಳಿಸಿದೆ. ಬರೆದದ್ದು ಇಷ್ಟೇ: "ಆಂಟಿ, ಅಕ್ಕಮಹಾದೇವಿ ವಚನ. 'ಕನಸ ಕಂಡೆ' ಅನ್ನೋ ಕಡೆ ದನಿ ಹೇಗೆ ಬರುತ್ತೆ ನೋಡಿ." ಸಂಜೆ ಹೋದರೆ ಹಿತ್ತಲಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದರು, ಫೋನನ್ನು ಸ್ಟೀಲ್ ಬೋಗುಣಿಯೊಳಗೆ ನಿಲ್ಲಿಸಿದ್ದರು ದನಿ ಜೋರಾಗಲಿ ಅಂತ, ಹಾಡು ಮುಗಿದ ಕೂಡಲೇ ಒದ್ದೆ ಬೆರಳಿನಲ್ಲೇ ಮತ್ತೆ ಮೊದಲಿಂದ ಹಾಕುತ್ತಿದ್ದರು. "ಇವರದ್ದು ಇನ್ನೊಂದಿದ್ರೆ ಕಳಿಸು" ಅಂದರು. ಆಗ ಕಳಿಸಿದೆ ಖಯಾಲ್, ಹಿಂದೂಸ್ತಾನಿಯಲ್ಲಿ ರಾಗ ಬೆಳೆಸಿ ಹಾಡುವ ಪ್ರಕಾರ, ಅದೂ ಚಿಕ್ಕದು. "ಆ ಆ"ದ ಬಗ್ಗೆ ಆಮೇಲೆ ಮಾತೇ ಬರಲಿಲ್ಲ.

ಡ್ರಮ್ಸ್ ಬಾರಿಸುವ ಅಕ್ಕನ ಮಗನಿಗೆ ಹಾಡು ಕಳಿಸಲೇ ಇಲ್ಲ, ತನಿ ಆವರ್ತನ ಕಳಿಸಿದೆ, ಕಚೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಮೃದಂಗ ಒಂದು ಲೆಕ್ಕ ಹಾಕುತ್ತದೆ, ಘಟ ಅದಕ್ಕೆ ಜವಾಬು ಕೊಡುತ್ತದೆ, ಆಮೇಲೆ ಸುತ್ತು ಚಿಕ್ಕದಾಗುತ್ತಾ ಆಗುತ್ತಾ ಇಬ್ಬರೂ ಒಟ್ಟಿಗೆ ಬಂದು ಬೀಳುತ್ತಾರೆ. ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಭೀಮಸೇನ ಜೋಶಿಯವರ ದಾಸರ ಪದ ಇಷ್ಟಪಡುವವರಿಗೆ ಅವರದೇ ಯಮನ್ ಕೊಡಬಹುದು. ಗಂಗೂಬಾಯಿ ಹಾನಗಲ್ ಅವರದ್ದು ಕಳಿಸುವಾಗ ಮಾತ್ರ ಮೊದಲೇ ಒಂದು ಮಾತು ಹೇಳಿ: ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ದನಿ ಗಡಸಾಯಿತು, ಆ ದನಿಯಲ್ಲೇ ಅವರು ಬೆಳೆದರು ಅಂತ. ಇಲ್ಲದಿದ್ದರೆ "ಇದು ಗಂಡಸರಾ?" ಅನ್ನುವ ಅನುಮಾನದಲ್ಲೇ ಮೊದಲ ಹತ್ತು ನಿಮಿಷ ಹೋಗುತ್ತದೆ, ರಾಗವನ್ನು ನಿಧಾನವಾಗಿ ಬಿಡಿಸುವ ಆ ಆಲಾಪ ಕಳೆದುಹೋಗುತ್ತದೆ.

ಉದ್ದದ ಖಯಾಲ್ ಕಳಿಸುವುದೇ ಆದರೆ ನಿಮಿಷ ಬರೆಯಿರಿ. "ಹದಿನಾಲ್ಕನೇ ನಿಮಿಷದಿಂದ ಎರಡು ನಿಮಿಷ ಕೇಳಿ, ಮೇಲಿನ ಸ ಹತ್ತಿರ ಬಂದು ಬಂದು ಮುಟ್ಟದೆ ವಾಪಸ್ ಹೋಗ್ತಾರೆ" ಅಂತ. ಜನ ಆ ಎರಡು ನಿಮಿಷ ಖಂಡಿತ ಕೇಳುತ್ತಾರೆ. ಇಯರ್‌ಫೋನ್ ಹಾಕಿಕೊಳ್ಳಿ ಅಂತಲೂ ಸೇರಿಸಿ. ಫೋನಿನ ಸ್ಪೀಕರಿನಲ್ಲಿ ತಗ್ಗಿನ ದನಿಗಳು ಬರುವುದೇ ಇಲ್ಲ, ತಂಬೂರಿಯ ಖರಜ (ಕೆಳಗಿನ ಸ), ಮೃದಂಗದ ಎಡಗಡೆ ಎಲ್ಲ ಮಾಯ. ಕೇಳಿದ ಮೇಲೆ "ಹೇಗಿತ್ತು?" ಅಂತ ಪರೀಕ್ಷೆ ಮಾಡಲಿಕ್ಕೆ ಹೋಗಬೇಡಿ. ಹಿಡಿಸಲಿಲ್ಲ ಅಂದರೆ ಹಿಡಿಸಲಿಲ್ಲ, ಎರಡು ತಿಂಗಳು ಬಿಟ್ಟು ಬೇರೆ ಏನಾದರೂ.

ಎಲ್ಲಕ್ಕಿಂತ ಒಳ್ಳೆಯದು ಕೈ ಹಿಡಿದು ಕಚೇರಿಗೆ ಕರೆದುಕೊಂಡು ಹೋಗುವುದು. ಬೆಂಗಳೂರಿನಲ್ಲಿದ್ದರೆ ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ ಹೋಗಿ, ಶ್ರೀ ರಾಮಸೇವಾ ಮಂಡಳಿ 1939ರಿಂದ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಮೈಸೂರಿನವರಿಗೆ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವ ಇದೆ. ಹೊಸಬರನ್ನು ಮೂರು ಗಂಟೆ ಕೂರಿಸಬೇಡಿ, ಶುರುವಿನಲ್ಲಿ ಹಾಡುವ ವರ್ಣ ಮುಗಿದ ಮೇಲೆ ಬಂದರೂ ನಡೆಯುತ್ತದೆ, ಮುಖ್ಯ ಕೃತಿ ಕೇಳಿಸಿ. ತನಿ ಆವರ್ತನ ಶುರುವಾದಾಗ ಕಾಫಿಗೆ ಮಾತ್ರ ಏಳಬೇಡಿ, ದಯವಿಟ್ಟು. ಮೃದಂಗದವರು ಅಷ್ಟು ಹೊತ್ತು ಬೇರೆಯವರಿಗೆ ನುಡಿಸಿ ಈಗ ಅವರ ಸರದಿ ಬಂದಿದೆ.

ತಿಂಗಳು ಮುಗಿದ ಮೇಲೆ ಮುಂದಿನ ರಾಗ ಯಾವುದು ಅಂದರೆ ನಾನು ಕಲ್ಯಾಣಿ ಅನ್ನುತ್ತೇನೆ, ಯಮನ್ ಜೊತೆಗೆ. ಅಲ್ಲಿ ಏಳು ಸ್ವರವೂ ಇವೆ, ಮ ತೀವ್ರ, ಅಂದರೆ ಏರಿಸಿದ ಮ. ಶುರು ಮಾಡಲಿಕ್ಕೆ ವ್ಯಾಸರಾಯರ "ಕೃಷ್ಣಾ ನೀ ಬೇಗನೆ ಬಾರೋ" ಹಾಕಿಕೊಳ್ಳಿ. ಅದು ಯಮುನಾ ಕಲ್ಯಾಣಿ, ಕಲ್ಯಾಣಿಯ ಪಕ್ಕದ ಮನೆ, ಅಲ್ಲಲ್ಲಿ ಶುದ್ಧ ಮಧ್ಯಮವೂ (ಏರಿಸದ ಮ) ಬಂದು ಹೋಗುತ್ತದೆ. ಅದು ಬರುವ ಜಾಗ ಸಿಕ್ಕಿತಾ ನೋಡಿ. ಹಾಡು ಆ ಒಂದು ಕ್ಷಣ ಮೆತ್ತಗಾಗುತ್ತದೆ.