ಪಂಚಾಂಗ ನೋಡಿ ಓಡಿದ ಕಡಲತೀರ

ಗೋವಾ ಗಡಿಯ ಮಾಜಾಳಿಯಿಂದ ಭಟ್ಕಳದವರೆಗಿನ ಕಡಲತೀರವನ್ನು ತುಂಡು ತುಂಡಾಗಿ ಓಡಬೇಕೆಂದು ಹೊರಟು ನನಗೆ ಇದು ಮೂರನೆಯ ಚಳಿಗಾಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ನಾನು ಮೊದಲಿಗೆ ನಕ್ಷೆಯ ಮೇಲೆ 15 ಕಿಲೋಮೀಟರಿಗೊಂದು ಗೆರೆ ಎಳೆದುಕೊಂಡಿದ್ದೆ. ಆ ಲೆಕ್ಕ ಎರಡನೆಯ ಓಟಕ್ಕೇ ಕೆಟ್ಟಿತು. ಇಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಅಳಿವೆಗಳು ಹೇಳುತ್ತವೆ. ಯಾವಾಗ ಹೊರಡಬೇಕೆಂಬುದನ್ನು ಉಬ್ಬರ ಇಳಿತ ಹೇಳುತ್ತದೆ.

ಇಳಿತದಲ್ಲಿ ನೀರು ಸರಿದ ಮೇಲೆ ಉಳಿಯುವ ಒದ್ದೆ ಮರಳು ಗಟ್ಟಿಯಾಗಿಯೂ ಅಗಲವಾಗಿಯೂ ಇರುತ್ತದೆ. ಉಬ್ಬರದಲ್ಲಾದರೆ ಮೇಲಿನ ಸಡಿಲ ಮರಳೇ ಗತಿ, ಹೆಜ್ಜೆ ಹೂತು ಮೀನಖಂಡ ಬೇಗನೆ ಸೋಲುತ್ತದೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ನಸುಕಿನ ಐದಾರು ಗಂಟೆಯ ಸುಮಾರಿಗೆ ಬರುತ್ತದೆ, ನೀರೂ ಹೆಚ್ಚು ದೂರ ಹಿಂದೆ ಸರಿಯುತ್ತದೆ. ಆ ವೇಳೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುವುದರಿಂದ ಅಷ್ಟಮಿಯ ಹೊತ್ತಿಗೆ ಅದೇ ನಸುಕಿನಲ್ಲಿ ಉಬ್ಬರವಿರುತ್ತದೆ. ಅಷ್ಟಮಿಯ ಭಾನುವಾರಗಳನ್ನು ನಾನು ಶಿರಸಿಯ ಕಾಡುದಾರಿಗಳಿಗೆ ಬಿಟ್ಟುಕೊಟ್ಟೆ.

ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ತೀರಕ್ಕೆ ಪ್ರವೇಶವಿಲ್ಲ. ಲಾರಿಗಳ ನಡುವೆ ಹೆದ್ದಾರಿಯಲ್ಲಿ ಓಡಲು ಮನಸ್ಸಾಗದೆ ಆ ಭಾಗವನ್ನು ಬಸ್ಸಿನಲ್ಲಿ ದಾಟಿದೆ, ಓಡಿದ ಲೆಕ್ಕಕ್ಕೆ ಸೇರಿಸಲಿಲ್ಲ.

ಗೋಕರ್ಣದಿಂದ ಕುಮಟಾದ ತುಂಡು ಉಳಿದೆಲ್ಲಕ್ಕಿಂತ ಚೆಲುವಾದದ್ದು, ನಿಧಾನವಾದದ್ದು ಕೂಡ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳ ನಡುವೆ ಗುಡ್ಡಗಳು ಕಡಲಿನವರೆಗೆ ಚಾಚಿಕೊಂಡಿರುವುದರಿಂದ ಮರಳಿನಲ್ಲಿ ಓಡಿದಷ್ಟೇ ಹೊತ್ತು ಕಾಲುದಾರಿಯಲ್ಲಿ ಹತ್ತಿಳಿಯಬೇಕು. ಮೊದಲ ಸಲ, ಅಘನಾಶಿನಿ ನದಿ ದಾಟಿಸುವ ತದಡಿಯ ದೋಣಿ ತಪ್ಪೀತೆಂಬ ಅವಸರದಲ್ಲಿ ಮೇಲಿನ ದಾರಿ ಬಿಟ್ಟು ಬಂಡೆಗಳ ಮೇಲೆ ಹೋದವನು ಸಿಂಪಿ ಅಂಟಿದ ಕಲ್ಲಿನ ಮೇಲೆ ಜಾರಿ ಅಂಗೈ ಸೀಳಿಕೊಂಡು ಹಿಂದಿರುಗಿದೆ. ಎರಡನೆಯ ಸಲ ಗುಡ್ಡಗಳನ್ನು ನಡೆದೇ ದಾಟಿ, ದೋಣಿಯಲ್ಲಿ ಅಘನಾಶಿನಿ ಊರಿಗೆ ಇಳಿದು, ಕಾಗಾಲ, ಬಾಡದ ಕಡೆಯಿಂದ ಕುಮಟಾ ಸೇರುವಾಗ ಬಿಸಿಲು ನೆತ್ತಿಗೇರಿತ್ತು. ಬೆವರು ಆರದ ಈ ಸೆಕೆಯಲ್ಲಿ ಎರಡು ಲೀಟರು ನೀರು ಸಾಲದೆಂದು ಆ ದಿನ ತಿಳಿಯಿತು.

ನನಗೆ ಯಾರೂ ಹೇಳದಿದ್ದ ಸಂಗತಿಯೊಂದಿದೆ. ತೀರ ಕಡಲಿನತ್ತ ಇಳಿಜಾರಾಗಿರುವುದರಿಂದ, ಯಾವಾಗಲೂ ದಕ್ಷಿಣಕ್ಕೇ ಓಡುವವನ ಬಲಗಾಲು ಪ್ರತಿ ಹೆಜ್ಜೆಗೂ ತಗ್ಗಿನಲ್ಲಿ ಬೀಳುತ್ತದೆ. ಮೊದಲ ಚಳಿಗಾಲದ ಕೊನೆಗೆ ನನ್ನ ಬಲ ಮೊಣಕಾಲಿನ ಹೊರಬದಿಯಲ್ಲಿ ನೋವು ಕಾಣಿಸಿಕೊಂಡಿತು. ಆಮೇಲೆ ಒಂದು ತುಂಡನ್ನು ದಕ್ಷಿಣಕ್ಕೆ ಓಡಿದರೆ ಮುಂದಿನದನ್ನು ಅದರ ದಕ್ಷಿಣ ತುದಿಯಿಂದ ಉತ್ತರಕ್ಕೆ ಓಡತೊಡಗಿದೆ. ನೋವು ಕ್ರಮೇಣ ಕಡಿಮೆಯಾಯಿತು.

ರಂಪಣಿ, ಅಂದರೆ ದಡದಿಂದ ಹಗ್ಗ ಹಿಡಿದು ಎಳೆಯುವ ದೊಡ್ಡ ಮೀನುಬಲೆ, ಎಳೆಯುವಲ್ಲಿ ನಾನು ನಿಂತುಬಿಡುತ್ತೇನೆ. ಹಗ್ಗ ಬಿಗಿಯಾಗಿರುವಾಗ ಅದನ್ನು ಹಾರಿ ದಾಟುವುದು ಅಪಾಯ, ಎಳೆಯುವವರ ಕೆಲಸಕ್ಕೂ ಅಡ್ಡಿ. ಕಡಲಾಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ, ಹೊನ್ನಾವರದ ಕಾಸರಕೋಡಿನಂಥ ಕಡೆ, ಮೇಲಿನ ಒಣ ಮರಳನ್ನು ತುಳಿಯುವುದೇ ಇಲ್ಲ.

ಮುರ್ಡೇಶ್ವರದಿಂದ ಭಟ್ಕಳದ ತುಂಡು ಬಾಕಿಯಿದೆ. ಮಳೆಗಾಲದ ಅಲೆಗಳು ಕೊಚ್ಚಿಕೊಂಡು ಹೋಗುವ ಮರಳು ಮತ್ತೆ ತೀರಕ್ಕೆ ಬಂದು ಕೂರಲು ಸಮಯ ಬೇಕು. ಬರುವ ಕಾರ್ತಿಕ ಹುಣ್ಣಿಮೆಗೆ ಪಂಚಾಂಗದಲ್ಲಿ ಗುರುತು ಹಾಕಿಟ್ಟಿದ್ದೇನೆ. ಸರದಿಯಂತೆ ಈ ಸಲ ಭಟ್ಕಳದಿಂದ ಉತ್ತರಕ್ಕೆ ಓಡಬೇಕು.